ಅಗ್ನಸ್ ಕೈಗೆ ತೆಗೆದುಕೊಳ್ಳದ ಟಿ.ಸಿ.

2023ರ ಮೇ ತಿಂಗಳಲ್ಲಿ ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯ ಗೇಟಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ‘ಸತತ ಮೂರನೆಯ ವರ್ಷ ಶೇಕಡಾ ನೂರು ಫಲಿತಾಂಶ’ ಎಂದಿತ್ತು. ಆ ಮೂರರಲ್ಲಿ ಮೊದಲನೆಯದು ರಾಜ್ಯದಲ್ಲಿ ಬಹುತೇಕ ಎಲ್ಲರೂ ಉತ್ತೀರ್ಣರಾದ ಕೊರೊನಾ ವರ್ಷ. ಅದನ್ನು ಯಾರೂ ಬರೆಸಲಿಲ್ಲ. ನಾಲ್ಕನೆಯ ನೂರಕ್ಕಾಗಿ ಶಾಲೆ ಮಾಡಿದ್ದನ್ನು, ಅದೇ ಶಾಲೆಯ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತನಾಗಿದ್ದು ನಿವೃತ್ತನಾದ ನಾನು ಬರೆಯಲೇಬೇಕಾಗಿದೆ.

ಕೋಡಿಂಬಾಳದ ಅಗ್ನಸ್ ಕೇರಳದಿಂದ ಮದುವೆಯಾಗಿ ಬಂದವರು. ಗಂಡ ಲೂಕೋಸ್ ತೀರಿಕೊಂಡ ಮೇಲೆ ಇನ್ನೊಬ್ಬರ ಮುನ್ನೂರು ರಬ್ಬರ್ ಮರಗಳನ್ನು ಕತ್ತಿಯಿಂದ ಗೀರಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸ ಮಾಡಿ ಮಗಳು ನಿಮ್ಮಿಯನ್ನು ಓದಿಸುತ್ತಿದ್ದಾರೆ. ಕನ್ನಡ, ತುಳು ಸರಾಗವಾಗಿ ಮಾತನಾಡುತ್ತಾರೆ. ಓದಲು ಬರುವುದು ಮಲಯಾಳಂ ಮಾತ್ರ.

ನಿಮ್ಮಿ ಗಣಿತದಲ್ಲಿ ಹಿಂದಿದ್ದಳು. ಅವಳು ಹತ್ತನೆಯ ತರಗತಿಗೆ ಬಂದ ಮೊದಲ ವಾರವೇ ಮುಖ್ಯೋಪಾಧ್ಯಾಯರು ತಾಯಿಯನ್ನು ಕರೆಸಿ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅಧ್ಯಾಪಕರು ಕೊಟ್ಟ ಕಾಗದದಲ್ಲಿ ಏನಿದೆ ಎಂದು ಕೇಳುವುದನ್ನು ನಮ್ಮ ಕಡೆ ಅಗೌರವವೆಂದು ತಿಳಿಯುತ್ತಾರೆ. ವಿದ್ಯಾರ್ಥಿವೇತನದ ಅರ್ಜಿಯೆಂದುಕೊಂಡ ಅಗ್ನಸ್ ಮಲಯಾಳಂನಲ್ಲಿ ಸಹಿ ಮಾಡಿ ಬಂದರು. ಮರುದಿನ ಹಾಜರಿಯಲ್ಲಿ ನಿಮ್ಮಿಯ ಹೆಸರನ್ನು ಕರೆಯಲಿಲ್ಲ. ಅಗ್ನಸ್ ಸಹಿ ಮಾಡಿದ್ದು ‘ಸ್ವಇಚ್ಛೆಯಿಂದ’ ಮಗಳ ವರ್ಗಾವಣೆ ಪತ್ರವನ್ನು, ಅಂದರೆ ಟಿ.ಸಿ.ಯನ್ನು, ಕೋರುವ ಅರ್ಜಿಗೆ.

ಅಗ್ನಸ್ ಓಡಿ ಬಂದಾಗ, ಒಂದು ದೃಢೀಕರಣಕ್ಕಾಗಿ ಹೋಗಿದ್ದ ನಾನು ಕಚೇರಿಯಲ್ಲಿದ್ದೆ. ಹಳೆ ವಿದ್ಯಾರ್ಥಿ ಸಂಘದ ಅಧ್ಯಕ್ಷ ಸುದರ್ಶನ ಮುಖ್ಯೋಪಾಧ್ಯಾಯರ ಪಕ್ಕದಲ್ಲಿ ಕುಳಿತಿದ್ದರು. ದಾಖಲಾತಿಯ ವಿಷಯದಲ್ಲಿ ಆ ಸಂಘಕ್ಕೆ ಯಾವ ಅಧಿಕಾರವೂ ಇಲ್ಲ.

“ಎಂತ ಅಗ್ನಸಕ್ಕ, ಸಹಿ ಹಾಕಿದ್ದು ನೀವಾ, ನಿಮ್ಮ ಟ್ಯಾಪಿಂಗ್ ಕತ್ತಿಯಾ?” ಎಂದರು ಸುದರ್ಶನ.

“ನಾನೇ. ಅದ್ರಲ್ಲಿ ಎಂತ ಉಂಟು ಅಂತ ಯಾರೂ ಹೇಳ್ಲಿಲ್ಲ.”

“ಹುಡುಗಿ ಫೇಲಾಗುದು ಗ್ಯಾರಂಟಿ ಮಾರಾಯ್ರೆ. ಒಬ್ಬಳಿಂದ ಶಾಲೆಯ ಮರ್ಯಾದೆ ಹೋಗುದು ಬೇಡ. ಹೊಲಿಗೆ ಕ್ಲಾಸಿಗೆ ಕಳಿಸಿ.”

“ನಿಮ್ಮ ಮಕ್ಕಳು ಈ ಶಾಲೆಯಲ್ಲಿ ಉಂಟಾ?”

ಸುದರ್ಶನರ ಇಬ್ಬರೂ ಮಕ್ಕಳು ಪುತ್ತೂರಿನ ಖಾಸಗಿ ಶಾಲೆಯಲ್ಲಿದ್ದಾರೆ.

ಅಂದೇ, ಅರ್ಜಿಯನ್ನು ಹಿಂಪಡೆಯುವ ಪತ್ರವನ್ನು ಬರೆದು ಅಗ್ನಸ್‌ಗೆ ಎರಡು ಸಲ ಓದಿ ಹೇಳಿ, ಅವರ ಸಹಿ ಹಾಕಿಸಿ ಕಚೇರಿಗೆ ಕೊಡಿಸಿದೆ. ಪೋಷಕರು ಸ್ವೀಕರಿಸದ ಹೊರತು ಟಿ.ಸಿ. ವಿತರಣೆಯಾದಂತಲ್ಲ ಎಂದೂ ತಿಳಿಸಿದೆ. ಅವರಿಗೆ ಅಷ್ಟು ಸಾಕಾಯಿತು. ಜವಾನ ಬೋಜಪ್ಪ ಟಿ.ಸಿ. ಹಿಡಿದುಕೊಂಡು ಎರಡು ಬಾರಿ ಮನೆಗೆ ಹೋದರು.

“ಬೋಜಪ್ಪಣ್ಣ, ಚಾ ಕುಡ್ದೇ ಹೋಗ್ಬೇಕು. ಆ ಕಾಗದ ಮಾತ್ರ ನಿಮ್ಮ ಕಿಸೆಯಲ್ಲೇ ಇರ್ಲಿ” ಎಂದು ಅಗ್ನಸ್ ಎರಡು ಬಾರಿಯೂ ಅವರನ್ನು ಹಿಂದೆ ಕಳುಹಿಸಿದರು.

ಹತ್ತೊಂಬತ್ತು ಶಾಲಾ ದಿನ ನಿಮ್ಮಿ ತರಗತಿಯಲ್ಲಿ ಹೆಸರಿಲ್ಲದೆ ಕುಳಿತಳು. ಒಬ್ಬ ಅಧ್ಯಾಪಕರೂ ಬಾಯಿ ಬಿಡಲಿಲ್ಲ; ಇದನ್ನು ನಾನು ಕ್ಷಮಿಸಲಾರೆ. ಕೊನೆಗೆ ಅಗ್ನಸ್ ಒಂದು ದಿನ ಟ್ಯಾಪಿಂಗ್ ಮುಗಿಸಿ, ಬಸ್ಸು ಹಿಡಿದು, ಪುತ್ತೂರಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ದೂರು ಕೊಟ್ಟು ಬಂದರು. ಇಪ್ಪತ್ತನೆಯ ದಿನ ಹೆಸರು ಹಾಜರಿಗೆ ಮರಳಿತು.

2024ರಲ್ಲಿ ಮೂವತ್ತೇಳು ಮಂದಿ ಪರೀಕ್ಷೆ ಬರೆದರು. ಮೂವತ್ತಾರು ಮಂದಿ ಉತ್ತೀರ್ಣರಾದರು. ನಿಮ್ಮಿ ಗಣಿತದಲ್ಲಿ ಏಳು ಅಂಕಗಳಿಂದ ಅನುತ್ತೀರ್ಣಳಾದಳು. ಶೇಕಡಾ 97.3 ಯಾವ ಲೆಕ್ಕದಲ್ಲೂ ಅವಮಾನವಲ್ಲ. ಆದರೆ ಆ ವರ್ಷ ಫ್ಲೆಕ್ಸ್ ಕಟ್ಟಲಿಲ್ಲ; ಪೇಟೆಯಲ್ಲಿ ಜನ ಅಗ್ನಸ್‌ರ ಮುಖ ನೋಡದೆ ದಾಟಿದರು. “ಈಗ ಖುಷಿಯಾಯ್ತಾ?” ಎಂದು ಸುದರ್ಶನ ಬಸ್ ನಿಲ್ದಾಣದಲ್ಲಿ ನಾಲ್ಕು ಜನರ ಎದುರೇ ಕೇಳಿದರು.

ಮರುದಿನ ಅಗ್ನಸ್, ಅನುತ್ತೀರ್ಣರಾದವರು ಅದೇ ವರ್ಷ ಮತ್ತೆ ಬರೆಯಬಹುದಾದ ಎರಡನೆಯ ಪರೀಕ್ಷೆಯ ಅರ್ಜಿಗಾಗಿ ಶಾಲೆಗೆ ಹೋದರು.

“ಪುನಃ ಬಂದ್ರಾ?” ಎಂದರು ಮುಖ್ಯೋಪಾಧ್ಯಾಯರು.

“ಅವಳು ಪಾಸಾಗುವವರೆಗೆ ಬರುದೇ ಸಾರ್.”

ಮುಖ್ಯೋಪಾಧ್ಯಾಯರು ಅರ್ಜಿಯನ್ನು ಮೇಜಿನ ಮೇಲೆ ಅವರತ್ತ ತಳ್ಳಿದರು.