ಎಡಕ್ಕೆ ಹೋಗುವ ಬಾಣ

ಗಲ್ಫಿಗೆ ಬಂದವರಿಗೆ ಒಂದಲ್ಲ ಒಂದು ಹುಚ್ಚು ಹಿಡಿಯುವುದು ಮಾಮೂಲು. ಕೆಲವರು ಸಂಬಳ ಬಂದ ಕೂಡಲೇ ಚಿನ್ನದಂಗಡಿಗೆ ಓಡುತ್ತಾರೆ, ಕೆಲವರು ಕ್ರಿಕೆಟ್ಟಿಗೆ ಜೀವ ಬಿಡುತ್ತಾರೆ, ಇನ್ನು ಕೆಲವರು ಊರಿನ ಹೆಸರಲ್ಲಿ ಸಂಘ ಕಟ್ಟಿ ಅದರ ಅಧ್ಯಕ್ಷಗಿರಿಗೆ ಕಿತ್ತಾಡುತ್ತಾರೆ. ಜೋಯ್ಲಿನ್‌ಗೆ ಹಿಡಿದದ್ದು ಬಿಲ್ಲಿನ ಹುಚ್ಚು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆಯುವವಳು, ಮೂವತ್ತು ದಾಟಿದವಳು, ಮದುವೆಯ ಮಾತೆತ್ತಿದರೆ ಫೋನ್ ಇಟ್ಟುಬಿಡುವವಳು. 2014ರಲ್ಲಿ ಜೊತೆಯ ನರ್ಸ್ ಒಬ್ಬಳು ಒತ್ತಾಯ ಮಾಡಿ ಊರಾಚೆಯ ಬಿಲ್ಲುಗಾರಿಕೆ ಕ್ಲಬ್ಬಿಗೆ ಎಳೆದುಕೊಂಡು ಹೋದಳು. ನರ್ಸಿಗೆ ಬೇಗ ಬೇಸರ ಬಂತು. ಇವಳಿಗೆ ಬರಲಿಲ್ಲ.

ಅಲ್ಲಿ ನಿಜವಾದ ಬೇಟೆ ಏನೂ ಇಲ್ಲ. ಮರಳಿನಲ್ಲಿ ಫೋಮಿನ ಪ್ರಾಣಿಗಳನ್ನು ಅಲ್ಲಲ್ಲಿ ನಿಲ್ಲಿಸಿರುತ್ತಾರೆ, ಬೇಟೆಯ ಬಿಲ್ಲಿನಿಂದ ಅವಕ್ಕೆ ಗುರಿಯಿಟ್ಟು ಹೊಡೆಯುವುದೇ ಆಟ. ಜಿಂಕೆ ಇದೆ, ಕರಡಿ ಇದೆ, ತೋಳ ಇದೆ. ಒಂದು ಕಾಡುಹಂದಿಯೂ ಇದೆ. ಜೋಯ್ಲಿನ್ ಹಂದಿಯ ಸರದಿ ಬಂದಾಗಲೆಲ್ಲ ನೀರು ಕುಡಿಯುವ ನೆಪ ಹೇಳಿ ಪಕ್ಕಕ್ಕೆ ಸರಿಯುತ್ತಿದ್ದಳು.

ಅದಕ್ಕೆ ಕಾರಣ ಇತ್ತು. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಅಪ್ಪ ಜುವಾಕಿಂ, ಬೆಳ್ತಂಗಡಿ ಕಡೆಯ ಬಡಗಿ, ಗದ್ದೆಗೆ ನುಗ್ಗುವ ಹಂದಿಯನ್ನು ಕೋವಿಯಲ್ಲಿ ಹೊಡೆಯಲು ಹೋಗಿ ಒಡಹುಟ್ಟಿದ ತಮ್ಮ ಹರ್ಬರ್ಟನನ್ನು ಹೊಡೆದು ಹಾಕಿದ್ದ. ಆಕಸ್ಮಿಕ ಎಂದು ಪೊಲೀಸರು ಬರೆದುಕೊಂಡರು. ಊರಿನವರು ಬೇರೆಯೇ ಬರೆದುಕೊಂಡರು. ಅಣ್ಣತಮ್ಮಂದಿರ ನಡುವೆ ಜಾಗದ ಪಾಲಿನ ಜಗಳವಿತ್ತು, ಅಷ್ಟು ಸಾಕಲ್ಲ ಬಾಯಿಗಳಿಗೆ. ಜುವಾಕಿಂ ಸಾಯುವವರೆಗೂ ಆ ವಿಷಯ ಎತ್ತಲಿಲ್ಲ. ಕೊನೆಗಾಲದಲ್ಲಿ ರಜೆ ಹಾಕಿ ಹೋಗಿ ಅಪ್ಪನ ಬಾಯಿಗೆ ಗಂಜಿ ಹಾಕಿದವಳು ಜೋಯ್ಲಿನ್. ಪ್ರತಿ ಚಮಚ ಎತ್ತುವಾಗಲೂ ಕೇಳಬೇಕೆಂದು ನಾಲಿಗೆಯ ತುದಿಗೆ ಬರುತ್ತಿತ್ತು: ಪಪ್ಪಾ, ನೀವು ಬೇಕೆಂದೇ ಹೊಡೆದದ್ದಾ? ಕೇಳಲಿಲ್ಲ. ಆ ಪ್ರಶ್ನೆ ಅವಳ ಜೊತೆಗೇ ವಿಮಾನ ಹತ್ತಿ ಅಬುಧಾಬಿಗೆ ಬಂತು, ಎಕ್ಸ್‌ರೇ ಕೋಣೆಯ ಕತ್ತಲಲ್ಲಿ ಅವಳ ಹಿಂದೆಯೇ ನಿಂತಿತು.

ಅಂಥವಳು ಬಿಲ್ಲು ಯಾಕೆ ಹಿಡಿದಳು ಎಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ನೋವಿದ್ದ ಹಲ್ಲಿಗೇ ನಾಲಿಗೆ ಹೋಗುತ್ತದಲ್ಲ, ಹಾಗಿರಬೇಕು.

ಕ್ಲಬ್ಬಿನ ಬಿಲ್ಲಿನಲ್ಲಿ ಅವಳ ಬಾಣಗಳೆಲ್ಲ ಗುರಿಯ ಎಡಕ್ಕೆ ಹೋಗಿ ಬೀಳುತ್ತಿದ್ದವು. ಹಿಡಿತ ಸರಿಯಿಲ್ಲ ಎಂದು ಕೋಚ್ ಮೊದಲು ಬೈದ, ಆಮೇಲೆ ಸುಸ್ತಾಗಿ, ನಿನ್ನ ಅಳತೆಗೆ ತಕ್ಕ ಸ್ವಂತ ಬಿಲ್ಲು ತೆಗೆದುಕೋ ಎಂದ. ಹಾಗಾಗಿ ಒಂದು ಶುಕ್ರವಾರ, ರಜೆಯ ದಿನ, ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿಕೊಂಡು ಬಸ್ಸು ಹತ್ತಿ ದುಬೈಗೆ ಬಂದಳು. ರಾಸ್ ಅಲ್ ಖೋರ್‌ನ ಗ್ಯಾರೇಜುಗಳ ಸಾಲಿನ ನಡುವೆ ಕಾಸಿಂ ಎಂಬಾತನ ಬಿಲ್ಲಿನ ಅಂಗಡಿ. ಉಪ್ಪಿನಂಗಡಿಯ ಬ್ಯಾರಿ, ಮಹಾ ಮಾತುಗಾರ. ಅವಳ ಕನ್ನಡ ಕೇಳಿದ್ದೇ ತಡ, ಮೇಡಂ ಹೋಗಿ ಅಕ್ಕ ಆಯಿತು.

ಕಾಸಿಂ ಒಂದೊಂದೇ ಬಿಲ್ಲು ಇಳಿಸಿದ. ಭಾರದ ಬಿಲ್ಲು ಕೊಂಡು ಭುಜ ಹಾಳುಮಾಡಿಕೊಂಡ ಗಂಡಸರ ಕಥೆಗಳನ್ನು ಹೇಳಿ, ಹೆದೆ ಎಳೆದು ಒಂದಷ್ಟು ಹೊತ್ತು ಕೈ ನಡುಗದೆ ನಿಲ್ಲಲು ಬಂದರೆ ಅದೇ ನಿಮ್ಮ ಬಿಲ್ಲು ಎಂದ. ಹಗುರವಾದ ಒಂದು ಅವಳ ಕೈಗೆ ಸರಿಹೋಯಿತು. ಎಡಕ್ಕೆ ಹೋಗುವ ಬಾಣಗಳ ಸಂಗತಿ ಹೇಳಿದಾಗ ಮಾತ್ರ ಅವನ ಮಾತು ನಿಂತಿತು. ಎರಡೂ ಕೈ ಮುಂದೆ ಚಾಚಿಸಿ, ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿಸಿ, ಅದರೊಳಗಿಂದ ಗೋಡೆಯ ಗಡಿಯಾರ ನೋಡಲು ಹೇಳಿದ. ಎಡಗಣ್ಣು ಮುಚ್ಚಿದಾಗ ಗಡಿಯಾರ ಕಿಂಡಿಯಿಂದ ಮಾಯವಾಯಿತು. ಬಲಗಣ್ಣು ಮುಚ್ಚಿದರೆ ಇದ್ದಲ್ಲೇ ಇತ್ತು.

"ನಿಮ್ದು ಕೈ ಬಲ, ಕಣ್ಣು ಎಡ ಅಕ್ಕ," ಎಂದ ಕಾಸಿಂ. "ಎರಡು ಕಣ್ಣೂ ಬಿಟ್ಟು ಬಲಗೈಯ ಬಿಲ್ಲಲ್ಲಿ ಹೊಡೆದ್ರೆ ಬಾಣ ಎಡಕ್ಕೇ ಹೋಗುದು. ಅದು ನಿಮ್ಮ ತಪ್ಪಲ್ಲ. ನೀವು ಎಡಗೈಯವರ ಬಿಲ್ಲು ತಗೊಂಡು ಕಲೀಬೇಕು."

"ಕೋವಿಯಲ್ಲೂ ಹೀಗೆಯಾ?" ಎಂದು ಕೇಳಿದಳು.

ಕೋವಿಯಲ್ಲೂ ಹಾಗೆಯೇ ಎಂದ ಅವನು. ಕೆಲವು ಮನೆಗಳಲ್ಲಿ ಅಪ್ಪನಿಗೂ ಮಕ್ಕಳಿಗೂ ಇರುವುದನ್ನು ಕಂಡಿದ್ದೇನೆ ಎಂದೂ ಸೇರಿಸಿದ.

ಜೋಯ್ಲಿನ್‌ಗೆ ಅಪ್ಪ ಹಲಗೆ ನೋಡುತ್ತಿದ್ದ ರೀತಿ ಕಣ್ಣಿಗೆ ಕಟ್ಟಿತು. ನೇರ ಇದೆಯೋ ಇಲ್ಲವೋ ಎಂದು ಹಲಗೆಯ ತುದಿಯನ್ನು ಮುಖದ ಹತ್ತಿರ ಹಿಡಿದು, ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡುತ್ತಿದ್ದ, ಯಾವಾಗಲೂ ಎಡಗಣ್ಣಲ್ಲೇ. ಆದರೆ ಕೋವಿ ಹಿಡಿಯುತ್ತಿದ್ದದ್ದು ಬಲಭುಜಕ್ಕೆ. ಅಪ್ಪ ನಿಂತಲ್ಲಿಂದ ನೋಡಿದರೆ ಹರ್ಬರ್ಟ್ ಬಿದ್ದದ್ದು ಹಂದಿಗಿಂತ ಎಡಕ್ಕೆ ಎನ್ನುವುದು ಊರಿಗೇ ಗೊತ್ತಿತ್ತು. ಹಾಗಾದರೆ ಅಪ್ಪ ಹೊಡೆದದ್ದು ಹಂದಿಗೇ! ಕಣ್ಣು ಮೋಸ ಮಾಡಿತ್ತು, ಮನುಷ್ಯನಲ್ಲ. ಅವಳು ಅಲ್ಲೇ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತು ಅತ್ತಳು. ಪಾಪದ ಕಾಸಿಂ ಅವಳು ಬೆಲೆಗೆ ಹೆದರಿದಳೆಂದು ತಿಳಿದು ಸುಲೈಮಾನಿ ಚಹಾ ತರಿಸಿ ರಿಯಾಯಿತಿಯ ಮಾತಾಡಿದ. ಎಡಗೈಯ ಬಿಲ್ಲು ಹೊರದೇಶದಿಂದ ಬರಬೇಕು, ಬಂದ ಮೇಲೆ ವಾಪಸಿಲ್ಲ, ಸಂಜೆಯೊಳಗೆ ಯೋಚಿಸಿ ಹೇಳಿ, ನಾನೇ ಫೋನ್ ಮಾಡುತ್ತೇನೆ ಎಂದ.

ಅವಳು ಹೊರಗೆ ಬಂದು ಟ್ಯಾಕ್ಸಿ ಹಿಡಿದದ್ದು ಬಸ್ ಸ್ಟ್ಯಾಂಡಿಗಲ್ಲ, ಜುಮೇರಾ ಲೇಕ್ ಟವರ್ಸಿಗೆ. ಅಲ್ಲಿನ ಒಂದು ಫ್ಲ್ಯಾಟಿನಲ್ಲಿ ಎಮಿಲಿಯಾ ಇದ್ದಳು, ಸತ್ತ ಹರ್ಬರ್ಟನ ಮಗಳು, ಇವಳಿಗಿಂತ ಎರಡು ವರ್ಷ ದೊಡ್ಡವಳು. ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು. ಆ ಸಾವು ಆದ ಮೇಲೆ ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿದಿರಲಿಲ್ಲ. ಊರಿನವರ ಮದುವೆ, ನಾಮಕರಣಕ್ಕೆಂದು ದುಬೈಯ ಚರ್ಚಿನಲ್ಲಿ ಎದುರಾದರೆ ಎಮಿಲಿಯಾ ತಲೆಯಾಡಿಸಿ ಬೇಗ ಬೇಗ ಹೋಗಿಬಿಡುತ್ತಿದ್ದಳು. ಕೊಲೆಗಾರನ ಮಗಳೆಂದು ಅಸಹ್ಯ ಅವಳಿಗೆ ಎಂದು ಜೋಯ್ಲಿನ್ ನಂಬಿದ್ದಳು. ಇವತ್ತು ಅದನ್ನು ತೊಳೆದುಬಿಡಬೇಕು ಎನ್ನುವ ಆತುರ.

ಬಾಗಿಲು ತೆರೆದ ಎಮಿಲಿಯಾ ಒಂದು ಕ್ಷಣ ಗಾಬರಿಯಾದಳು, ಮತ್ತೆ ಒಳಗೆ ಕರೆದಳು. ಜೋಯ್ಲಿನ್ ಕೂತವಳೇ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಬಿಲ್ಲು, ಕಿಂಡಿ, ಗಡಿಯಾರ, ಹಲಗೆ. ಪಪ್ಪನ ಗುಂಡು ಎಡಕ್ಕೆ ಹೋಗುವುದೇ ಆಗಿತ್ತು, ಬೇಕೆಂದು ಮಾಡಿದ್ದಲ್ಲ ಎಂದು ಕೈ ಹಿಡಿದುಕೊಂಡಳು. ಎಮಿಲಿಯಾ ಆಶ್ಚರ್ಯಪಡಲಿಲ್ಲ. ಜೋಯ್ಲಿನ್‌ಗೆ ಮೊದಲು ಹೆದರಿಕೆಯಾದದ್ದು ಅದರಿಂದ.

"ಅದು ನನ್ಗೆ ಗೊತ್ತುಂಟು ಜೋಯ್ಲಿ," ಎಂದಳು ಎಮಿಲಿಯಾ. "ನಮ್ಮ ಮನೇಲಿ ಎಲ್ರಿಗೂ ಗೊತ್ತಿತ್ತು. ಅಣ್ಣನ ಗುಂಡು ಎಡಕ್ಕೆ ಹೋಗ್ತದೆ ಅಂತ ನನ್ನ ಪಪ್ಪ ಅವರ ಎದುರೇ ತಮಾಷೆ ಮಾಡ್ತಿದ್ದದ್ದು. ಬೇಟೆಗೆ ಹೋದ್ರೆ ಯಾವಾಗ್ಲೂ ಬಲಬದಿಗೇ ನಿಲ್ತಿದ್ರು."

"ಮತ್ತೆ ಆ ದಿನ ಎಡಕ್ಕೆ ಯಾಕೆ ನಿಂತದ್ದು?"

ಎಮಿಲಿಯಾ ಅವಳ ಮುಖ ನೋಡಲಿಲ್ಲ. "ಆ ದಿನ ನೀನು ಪೇರಳೆ ತಿನ್ತಾ ನಮ್ಮ ಮನೆಗೆ ಬಂದಿದ್ದಿ. ಪಪ್ಪನ ಹತ್ರ ಎಂತ ಹೇಳಿದ್ದಿ, ನೆನಪುಂಟಾ?"

ನೆನಪಿಲ್ಲ ಎಂದು ಹೇಳಲು ಜೋಯ್ಲಿನ್ ಬಾಯಿ ತೆರೆದಳು. ಅಷ್ಟರಲ್ಲಿ ನೆನಪಾಯಿತು. ಪೇರಳೆಯ ಬೀಜ ಹಲ್ಲಿಗೆ ಸಿಕ್ಕಿಕೊಂಡದ್ದು ಕೂಡ ನೆನಪಾಯಿತು. ಚಿಕ್ಕಪ್ಪ ಅಂಗಳದಲ್ಲಿ ಮುಖ ತೊಳೆಯುತ್ತಿದ್ದ. ಇವತ್ತು ನೀವು ತೋಡಿನ ಬದಿಗೆ ನಿಲ್ಲಬೇಕಂತೆ, ಪಪ್ಪ ಹೇಳಿ ಕಳಿಸಿದ್ದಾರೆ, ಎಂದು ಇವಳು ಹೇಳಿದ್ದಳು. ನೀರು ಹರಿಯುವ ಆ ತೋಡು ಇದ್ದದ್ದು ಅಪ್ಪ ನಿಲ್ಲುವ ಜಾಗದ ಎಡಕ್ಕೆ.

"ಆಗ ಹೆದರಿ ಹೇಳ್ಲಿಲ್ಲ," ಎಂದಳು ಎಮಿಲಿಯಾ. "ದೊಡ್ಡವಳಾದ ಮೇಲೆ ನಿನಗೋಸ್ಕರ ಹೇಳ್ಲಿಲ್ಲ. ಅಮ್ಮನಿಗೂ ಇಲ್ಲ. ನಿನ್ನನ್ನು ಕಂಡ್ರೆ ಎಲ್ಲಿ ಬಾಯಿ ತಪ್ಪಿ ಬರ್ತದೋ ಅಂತ ಚರ್ಚಲ್ಲಿ ಓಡಿಹೋಗ್ತಿದ್ದೆ."

ಜೋಯ್ಲಿನ್ ಅಪ್ಪನ ಮುಖವನ್ನು ನೆನಪಿಸಿಕೊಳ್ಳಲು ಒದ್ದಾಡಿದಳು. ಆ ಮಾತು ಹೇಳಿ ಕಳಿಸುವಾಗ ಅವನು ನಗುತ್ತಿದ್ದನೇ, ಕಣ್ಣು ತಪ್ಪಿಸಿದನೇ? ಹಂದಿ ಆ ದಿನ ತೋಡಿನ ಕಡೆಯಿಂದ ಬರುತ್ತದೆ ಎಂದಷ್ಟೇ ಲೆಕ್ಕ ಹಾಕಿದ್ದನೋ ಏನೋ. ತನ್ನ ಗುಂಡಿನ ಚಾಳಿ ಆ ಹೊತ್ತಿಗೆ ಮರೆತಿದ್ದನೋ ಏನೋ. ಮರೆತಿರದಿದ್ದರೆ? ಮುಖ ನೆನಪಾಗಲಿಲ್ಲ. ತನ್ನದೇ ಎಳೆಯ ಸ್ವರ ಮಾತ್ರ ಕಿವಿಯಲ್ಲಿತ್ತು, ಅದು ಇನ್ನು ಹೋಗುವುದಿಲ್ಲ ಎಂದು ಅವಳಿಗೆ ಆಗಲೇ ತಿಳಿಯಿತು. ಕೇಳೋಣವೆಂದರೆ ಕೇಳಬೇಕಾದ ಇಬ್ಬರೂ ಮಣ್ಣಿನಡಿ ಇದ್ದರು. ಎಮಿಲಿಯಾ ಅವಳನ್ನು ತಬ್ಬಿಕೊಂಡಳು. ಇಬ್ಬರೂ ಅತ್ತರು, ಒಂದೇ ಸಾವಿಗೆ ಬೇರೆ ಬೇರೆ ರೀತಿಯಲ್ಲಿ.

ಫೋನ್ ಹೊಡೆದುಕೊಂಡಿತು. ಕಾಸಿಂ. ಆರ್ಡರ್ ಈಗ ಕಳಿಸಬೇಕು, ಎಡಗೈಯದ್ದು ತರಿಸುವುದೋ, ಅಂಗಡಿಯಲ್ಲಿರುವ ಬಲಗೈಯದ್ದೇ ಸಾಕೋ, ಅಥವಾ ಬೇಡವೋ ಎಂದ. ಬೇಡ ಎನ್ನುವ ಮಾತು ಜೋಯ್ಲಿನ್‌ಳ ತುಟಿಗೆ ಬಂದಿತ್ತು. ಅವನ ಪ್ರಶ್ನೆ ಎಮಿಲಿಯಾಗೂ ಕೇಳಿಸಿತ್ತು.

"ಎಡಗೈಯದ್ದು ಹೇಳು," ಎಂದಳು. "ನಿನ್ನ ಬಾಣ ಎಲ್ಲಿಗೆ ಹೋಗ್ತದೆ ಅಂತ ಗೊತ್ತಾಯ್ತಲ್ಲ. ಗೊತ್ತಿದ್ದೂ ಇನ್ನು ಬಲಗೈಯದ್ದು ಹಿಡೀಬೇಡ."

ಜೋಯ್ಲಿನ್ ಎಡಗೈಯದ್ದು ಎಂದಳು. ಒಮ್ಮೆ ತರಿಸಿದರೆ ವಾಪಸಿಲ್ಲ, ಗೊತ್ತುಂಟಲ್ಲ ಎಂದು ಕಾಸಿಂ ಮತ್ತೊಮ್ಮೆ ಕೇಳಿದ. ಗೊತ್ತುಂಟು ಎಂದಳು.