ಗಾಲಿಗೆ ಅಡ್ಡ ಮಲಗಿದ ಮೋತಿ

ಸಾಕಿದ ಪ್ರಾಣಿಗಳಿಗೆ ಎಲ್ಲ ಗೊತ್ತಾಗುತ್ತದೆ ಎಂದು ಯಾರಾದರೂ ಶುರು ಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ಈಗ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ನನ್ನ ಕಣ್ಣೆದುರಿಗೇ ನಡೆದದ್ದಕ್ಕೆ ಒಂದು ಕಾರಣ ಕೊಡಲು ನನ್ನಿಂದ ಆಗುತ್ತಿಲ್ಲ.

ಯಾವಗಲ್‌ನ ನಮ್ಮ ಮನೆಯ ನಾಯಿ ಮೋತಿಗೆ ವಯಸ್ಸಾಗಿ ಕಣ್ಣೂ ಹೋಗಿತ್ತು, ಕಿವಿಯೂ ಹೋಗಿತ್ತು. ಕಂಬಕ್ಕೆ, ಕೊಡಕ್ಕೆ, ಮಲಗಿದವರ ಕಾಲಿಗೆ ಡಿಕ್ಕಿ ಹೊಡೆಯುತ್ತಲೇ ಓಡಾಡುತ್ತಿತ್ತು. ಎರಡು ವರ್ಷದ ನನ್ನ ಮಗಳು ಮೈಮೇಲೆ ಹೊರಳಾಡಿದರೂ, ಬಾಯಲ್ಲಿ ಕೈ ಹಾಕಿದರೂ ಸುಮ್ಮನಿರುತ್ತಿತ್ತು. ಆದರೂ ನನ್ನ ಹೆಂಡತಿಗೆ ಭಯ. "ಕಣ್ ಕಾಣದ ನಾಯಿ. ಗಾಬರಿಯಾಗಿ ಕೂಸಿಗೆ ಬಾಯಿ ಹಾಕಿದ್ರ ಏನ್ ಮಾಡ್ತೀರಿ? ಹೊಲಕ್ಕ ಒಯ್ದು ಬಿಡ್ರಿ," ಎನ್ನುತ್ತಿದ್ದಳು.

ಹೋದ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ ಕಡಲೆ ಚೀಲ ಹೇರಿದ ಟ್ರ್ಯಾಕ್ಟರ್ ನಮ್ಮ ಅಂಗಳದಿಂದ ನರಗುಂದಕ್ಕೆ ಹೊರಟು ನಿಂತಿತ್ತು. ಮಗಳು ಅವ್ವನ ಹತ್ತಿರ ಇದ್ದಾಳೆಂದು ನಾನು, ನನ್ನ ಹತ್ತಿರ ಇದ್ದಾಳೆಂದು ಹೆಂಡತಿ ತಿಳಿದಿದ್ದೆವು. ಡ್ರೈವರ್ ಮಾಬುಸಾಬ ಇಂಜಿನ್ ಶುರು ಮಾಡಿದ. ಕಟ್ಟೆಯ ಮೇಲೆ ನಿದ್ದೆ ಹೊಡೆಯುತ್ತಿದ್ದ ಮೋತಿ ಎದ್ದು, ಯಾವುದಕ್ಕೂ ತಾಗದೆ ನೆಟ್ಟಗೆ ನಡೆದು ಬಂದು, ಮುಂದಿನ ಗಾಲಿಗೆ ಅಡ್ಡ ಮಲಗಿತು.

ಅವನು ಹಾರ್ನ್ ಹೊಡೆದ. ಕಿವುಡು ನಾಯಿಗೆ ಏನು ಕೇಳೀತು?

"ಅಣ್ಣಾರ, ನಿಮ್ಮ ನಾಯೀನ ಎಬ್ಬಸ್ರಿ. ಲಗೂ ಹೋಗಬೇಕ್ರಿ," ಎಂದ.

ನಾನು ಬೈದೆ, ಎಳೆದೆ. ಎಂದೂ ಗುರ್ ಎನ್ನದ ನಾಯಿ ನನಗೇ ಹಲ್ಲು ತೋರಿಸಿತು. ಕೊರಳು ಹಿಡಿದು ಎತ್ತಲು ಬಗ್ಗಿದಾಗ ಟ್ರಾಲಿಯ ಕೆಳಗೆ ಕಣ್ಣು ಬಿತ್ತು. ಹಿಂದಿನ ಗಾಲಿಯ ಮುಂದೆಯೇ ನನ್ನ ಮಗಳು, ಉದುರಿದ ಕಡಲೆ ಆರಿಸುತ್ತ ಕುಳಿತಿದ್ದಳು.

ಅವಳನ್ನು ಎಳೆದುಕೊಂಡು ಎದೆಗೆ ಅವಚಿದೆ. ಆಮೇಲೆ ಮೋತಿ ಎದ್ದು, ಎಂದಿನಂತೆ ದಾರಿ ಕಾಣದೆ, ತಾನು ಅಡ್ಡ ಮಲಗಿದ್ದ ಗಾಲಿಗೇ ತಲೆ ಬಡಿದುಕೊಂಡಿತು.

ವಾಸನೆ ಬಂದಿರಬೇಕು ಎಂದರು ಕೆಲವರು. ಹಾಗಿದ್ದರೆ ಮಗಳ ಹತ್ತಿರ ಹೋಗಬೇಕಿತ್ತು, ಇಂಜಿನ್ನಿನ ಮುಂದೆ ಯಾಕೆ ಬಂತು? ನೆಲ ನಡುಗಿದ್ದು ತಿಳಿದಿರಬೇಕು ಎಂದರು ದನದ ದವಾಖಾನೆಯ ಡಾಕ್ಟರು. ಆ ಟ್ರ್ಯಾಕ್ಟರ್ ದಿನಾ ನೆಲ ನಡುಗಿಸುತ್ತದೆ! ತಲೆಕೆಟ್ಟು ನಾನೇ ಪರೀಕ್ಷೆಗಿಳಿದೆ. ಮಗಳನ್ನು ಚೀಲಗಳ ಹಿಂದೆ ಕೂರಿಸಿ, ಇಂಜಿನ್ ಶುರು ಮಾಡಿಸಿ ಕಾಯ್ದೆ. ಮೋತಿ ಕಿವಿ ಸಹ ಅಲ್ಲಾಡಿಸಲಿಲ್ಲ.

"ಕೂಸು ಉಳೀತಲ್ಲ, ಸಾಕು. ಕಾರಣ ತಗೊಂಡು ಏನ್ ಮಾಡ್ತೀರಿ?" ಎನ್ನುತ್ತಾಳೆ ಹೆಂಡತಿ. ಈಗ ಅವಳೇ ಮಗಳನ್ನು ಮೋತಿಯ ಪಕ್ಕ ಮಲಗಿಸಿ ಕೆಲಸಕ್ಕೆ ಹೋಗುತ್ತಾಳೆ.

ನನಗೆ ಕಾರಣ ಬೇಕು. ಕಣ್ಣು ಕಿವಿ ನೆಟ್ಟಗಿದ್ದ ನಾನು ಅಲ್ಲೇ ನಿಂತಿದ್ದೆ, ನನಗೇನೂ ತಿಳಿಯಲಿಲ್ಲ. ಮೋತಿ ಈಗ ರೊಟ್ಟಿ ಮೂಸುವುದನ್ನೂ ಬಿಟ್ಟಿದೆ. ಅದು ಹೋದ ಮೇಲೆ ಮಗಳು ಯಾವ ಗಾಲಿಯ ಮುಂದೆ ಕುಳಿತಿದ್ದಾಳೆಂದು ನನಗೆ ಹೇಗೆ ಗೊತ್ತಾಗಬೇಕು?