ಭೀಮಶ್ಯಾ ಮಾಸ್ತರರ ಪಿಕಪ್ ಚಾಲೂ ಆದದ್ದು

ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ಊರಿನ ಗ್ಯಾರೇಜಿಗೆ ಹೋದರೂ, ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತವರಲ್ಲಿ ಒಬ್ಬನಾದರೂ ನಮ್ಮ ಓಣಿಯ ಭೀಮಶ್ಯಾ ಮಾಸ್ತರರ ಶಿಷ್ಯನಿರುತ್ತಾನೆ. ಸಿಂದಗಿಯ ಐಟಿಐ ಒಂದರಲ್ಲಿ ಅವರು ಮೂವತ್ತೊಂದು ವರ್ಷ ಡೀಸೆಲ್ ಎಂಜಿನ್ನಿನ ಪಾಠ ಹೇಳಿದರು. ಕರಿಹಲಗೆಯ ಮೇಲೆ ಅವರು ಬಿಡಿಸಿದ ಎಂಜಿನ್ ಎಷ್ಟು ಚೆಂದ ಇರುತ್ತಿತ್ತೆಂದರೆ, ಮುಂದಿನ ತಾಸಿಗೆ ಬಂದ ಗಣಿತದ ಶಿಕ್ಷಕರು ಅದನ್ನು ಒರೆಸಲು ಮನಸ್ಸಾಗದೆ ಮೂಲೆಯಲ್ಲಿ ಸಣ್ಣಗೆ ಲೆಕ್ಕ ಬಿಡಿಸಿ ಹೋಗುತ್ತಿದ್ದರು.

ಕೈಯಿಂದ ಮುಟ್ಟಿ ಕಲಿಯಲು ಅಲ್ಲಿ ಒಂದು ನಿಜವಾದ ಎಂಜಿನ್ನೂ ಇತ್ತು. ಆದರೆ ಒಳಗಿನದೆಲ್ಲ ಕಾಣಲೆಂದು ಅದನ್ನು ಕುಂಬಳಕಾಯಿಯ ಹಾಗೆ ಅರ್ಧಕ್ಕೆ ಕೊಯ್ದು, ಗಾಳಿಯ ದಾರಿಗೆ ನೀಲಿ, ಡೀಸೆಲ್ ದಾರಿಗೆ ಹಳದಿ, ಹೊಗೆಯ ದಾರಿಗೆ ಕೆಂಪು ಬಳಿದಿದ್ದರು. ಹಿಡಿಕೆ ತಿರುಗಿಸಿದರೆ ಪಿಸ್ಟನ್ನುಗಳು ಮೇಲೆ ಕೆಳಗೆ ಆಡುತ್ತಿದ್ದವು. ಮೂವತ್ತೊಂದು ವರ್ಷದಲ್ಲಿ ಅದು ಒಂದು ಸಲವೂ ಕೆಡಲಿಲ್ಲ. ಒಂದು ಸಲವೂ ಚಾಲೂ ಆಗಲಿಲ್ಲ.

ಮಾಸ್ತರರು ನಿವೃತ್ತರಾದ ದಿನ ಶಿಷ್ಯರೆಲ್ಲ ಸೇರಿ ಸತ್ಕಾರ ಇಟ್ಟುಕೊಂಡಿದ್ದರು. ಮುದ್ದೇಬಿಹಾಳದಲ್ಲಿ ದೊಡ್ಡ ಗ್ಯಾರೇಜು ಇಟ್ಟಿರುವ ಮುಕ್ತಾರ ಮೈಕು ಹಿಡಿದು, "ಸರ್ ಕಲಿಸಿದ್ದಕ್ಕ ನಾವು ಸಾವಿರಾರು ಗಾಡಿ ಚಾಲೂ ಮಾಡೇವಿ. ಈಗ ಅವರಿಗೂ ಪುರಸೊತ್ತು ಸಿಕ್ಕೈತಿ. ಅವರೂ ಒಂದು ಚಾಲೂ ಮಾಡ್ಲಿ!" ಅಂದ. ಮಂಟಪವೆಲ್ಲ ನಕ್ಕಿತು. ಮುಕ್ತಾರ ಪ್ರೀತಿಯಿಂದಲೇ ಅಂದದ್ದು. ಮಾಸ್ತರರೂ ನಕ್ಕರು. ಆದರೆ ಮನೆಗೆ ಬಂದು ಶಾಲು ತೆಗೆದಿಡುವಾಗ ಹೆಂಡತಿಯನ್ನು ಕೇಳಿದರು:

"ಸಾವಂತ್ರಿ, ಆ ಮುಕ್ತಾರ ಹಂಗ್ಯಾಕ ಅಂದ?"

"ಖರೇನ ಅಂದಾನ್ರಿ," ಎಂದು ಸಾವಂತ್ರವ್ವ ಹಾರವನ್ನು ಎಮ್ಮೆಗೆ ಹಾಕಲು ಹಿತ್ತಲಿಗೆ ಹೋದಳು.

ಹದಿನೈದು ದಿನ ಕಳೆಯುವಷ್ಟರಲ್ಲಿ ಒಂದು ಟ್ರ್ಯಾಕ್ಟರು ಹಗ್ಗ ಕಟ್ಟಿ ಎಳೆದುಕೊಂಡು ಓಣಿಯೊಳಗೆ ಬಂತು. ಹಗ್ಗದ ತುದಿಗೆ ಒಂದು ಪಿಕಪ್. ಅದರ ಸ್ಟೇರಿಂಗ್ ಹಿಡಿದು, ಟೋಪಿ ಸರಿಪಡಿಸಿಕೊಳ್ಳುತ್ತ, ಕಲಬುರಗಿ ರಸ್ತೆಯಲ್ಲಿ ಭಂಗಾರದ ಅಂಗಡಿ, ಅಂದರೆ ಹಳೆಯ ಕಬ್ಬಿಣದ ಅಂಗಡಿ ಇಟ್ಟಿರುವ ಮಶಾಕಸಾಬ ಕುಳಿತಿದ್ದ. ಆ ಪಿಕಪ್ ಹದಿನಾರು ವರ್ಷ ಇಂಡಿಯ ಲಿಂಬೆಹಣ್ಣು ಹೊತ್ತು ವಿಜಯಪುರಕ್ಕೆ ತಿರುಗಿ, ಆಮೇಲೆ ಆರು ವರ್ಷ ಅವನ ಅಂಗಡಿಯ ಹಿಂದೆ ಜಾಲಿಗಿಡದ ಕೆಳಗೆ ನಿಂತಿತ್ತು. ಒಂದು ಬಾಗಿಲು ಹಗ್ಗದಿಂದ ಕಟ್ಟಿತ್ತು. ಇನ್ನೊಂದು ಬಾಗಿಲು ಹಿಂದಿನ ತೊಟ್ಟಿಯಲ್ಲಿ ಮಲಗಿತ್ತು.

ಸಾವಂತ್ರವ್ವ ಸೊಂಟದ ಮೇಲೆ ಕೈ ಇಟ್ಟು ಬಾಗಿಲಲ್ಲಿ ನಿಂತಳು. "ರಿಟಾಯರ್ ಆದಮ್ಯಾಲ ನನಗ ಬಂಗಾರ ತರ್ತೇನಿ ಅಂದಿದ್ರಿ. ಇದೇನ್ರಿ, ಭಂಗಾರ ತಂದೀರಿ!"

"ಅಕ್ಕಾರ, ಒಂದ ಅಕ್ಷರದ ಫರಕ್ರಿ," ಎಂದ ಮಶಾಕಸಾಬ ಕೆಳಗಿಳಿಯುತ್ತ.

ಮಾಸ್ತರರು ಕೆಲಸವನ್ನು ಶಿಸ್ತಿನಿಂದ ಶುರು ಮಾಡಿದರು. ಅಂಗಳಕ್ಕೆ ಶಹಾಬಾದ್ ಪರಸಿ ಹಾಸಿತ್ತು. ಒಂದೊಂದು ಕಲ್ಲಿನ ಮೇಲೆ ಎಂಜಿನ್ನಿನ ಒಂದೊಂದು ಭಾಗ ಬಿಚ್ಚಿಟ್ಟು, ಪಕ್ಕದಲ್ಲಿ ಸೀಮೆಸುಣ್ಣದಿಂದ ಹೆಸರು, ಸಂಖ್ಯೆ, ಯಾವ ಸಿಲಿಂಡರಿನದು ಎಂದು ದುಂಡಗೆ ಬರೆದರು. ಅಂಗಳ ಪಂಚಾಂಗದ ಹಾಗೆ ಕಾಣತೊಡಗಿತು. ಹಾಲು ಕೊಳ್ಳಲು ಬರುವವರು ನಾಲ್ಕನೇ ಸಿಲಿಂಡರನ್ನು ದಾಟಿ, ಆಯಿಲ್ ಪಂಪನ್ನು ಸುತ್ತಿ, ಜಿಗಿಯುತ್ತ ಬಾಗಿಲಿಗೆ ಬರಬೇಕಾಯಿತು.

ಒಂದು ದಿನ ಮಾಸ್ತರರು ಗ್ಯಾಸ್ಕೆಟ್ ತರಲು ವಿಜಯಪುರಕ್ಕೆ ಹೋಗಿದ್ದಾಗ ಮಧ್ಯಾಹ್ನ ದಪ್ಪ ಹನಿಯ ಮಳೆ ಬಂತು. ಬಸ್ಸಿಳಿದು ಓಡುತ್ತ ಬಂದು ನೋಡಿದರೆ ಅಂಗಳ ತೊಳೆದಿಟ್ಟಂತೆ ಖಾಲಿ. ಸೀಮೆಸುಣ್ಣದ ಒಂದು ಅಕ್ಷರ ಉಳಿದಿರಲಿಲ್ಲ.

"ಎಲ್ಲಾ ಒಟ್ಟುಗೂಡಿಸಿಬಿಟ್ಟಿ ಏನ! ಯಾವುದು ಎಲ್ಲೀದು ಅಂತ ಇನ್ನ ಯಾರಿಗೆ ಗೊತ್ತಾಗಬೇಕು?"

"ಯಾಕ ಒದರತೀರಿ? ಒಂದನೇ ಸಿಲಿಂಡರಿಂದು ಸಾಸಿವಿ ಡಬ್ಬ್ಯಾಗ ಐತಿ, ಎರಡನೇದು ಜೀರಗಿ ಡಬ್ಬ್ಯಾಗ, ಮೂರನೇದು ಮೆಂತೆ, ನಾಕನೇದು ಸಕ್ಕರಿ."

ಮಾಸ್ತರರು ಒಂದೊಂದೇ ಡಬ್ಬಿ ತೆರೆದರು. ನಾಲ್ಕು ಸಿಲಿಂಡರಿನ ವಾಲ್ವುಗಳೂ ಜೋಡಿಜೋಡಿಯಾಗಿ, ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದ್ದವು. "ಯಾವುದರ ಜೋಡಿ ಯಾವುದು ಅಂತ ನಿನಗ ಹ್ಯಾಂಗ ತಿಳೀತು?"

"ದೊಡ್ಡದು ಗಾಳಿ ಎಳಿಯೂದು, ಸಣ್ಣದು ಹೊಗಿ ಬಿಡೂದು. ಅದರಾಗೇನೈತ್ರಿ?"

ತಾವು ಇಷ್ಟು ವರ್ಷ ಮನೆಯಲ್ಲಿ ಗಟ್ಟಿಯಾಗಿ ಪಾಠ ತಯಾರಿ ಮಾಡಿದ್ದು ಹೆಂಡತಿಯ ಕಿವಿಗೆ ಬಿದ್ದಿದೆ ಎಂದು ಮಾಸ್ತರರಿಗೆ ಹೆಮ್ಮೆಯಾಯಿತು. ಮುಂದೆ ಒಂದು ವಾರ ಒಗ್ಗರಣೆಯಲ್ಲಿ ಡೀಸೆಲ್ ವಾಸನೆ ಬಂದರೂ ಅವರು ತುಟಿ ಪಿಟಕ್ಕೆನ್ನಲಿಲ್ಲ.

ಕೆಲಸ ನಾಲ್ಕು ತಿಂಗಳು ನಡೆಯಿತು. ಇಲಿಗಳು ವೈರೆಲ್ಲ ತಿಂದು ಡ್ಯಾಶ್‌ಬೋರ್ಡಿನ ಹಿಂದೆ ಸಂಸಾರ ಹೂಡಿದ್ದವು. ಅವುಗಳನ್ನು ಒಕ್ಕಲೆಬ್ಬಿಸಿ ಹೊಸ ವೈರು ಎಳೆದದ್ದಾಯಿತು. ಸೀಟಿನ ಹಿಂದೆ ಕಲ್ಲಿನಂತೆ ಒಣಗಿದ ಹನ್ನೊಂದು ಲಿಂಬೆಹಣ್ಣು ಸಿಕ್ಕವು. ಕ್ಯಾಬಿನ್ನಿನ ತಳ ತುಕ್ಕು ತಿಂದು, ಕಾಲಿಟ್ಟರೆ ನೆಲ ಕಾಣುತ್ತಿತ್ತು; ವೆಲ್ಡಿಂಗಿನ ಯುನೂಸ ಬಂದು ಹೊಸ ತಗಡು ಬೆಸೆದು ಹೋದ. ವಾಲ್ವುಗಳನ್ನು ಮಾಸ್ತರರು ತಾವೇ ಕೂತು, ಪೇಸ್ಟು ಹಚ್ಚಿ, ಅಂಗೈ ಸುಲಿಯುವಷ್ಟು ತಿಕ್ಕಿದರು. ಎಂಜಿನ್ ಕೂಡಿಸಿದ ಮೇಲೆ ಕೈ ತಡೆಯದೆ ಗಾಳಿಯ ಕೊಳವೆಗೆ ನೀಲಿ, ಡೀಸೆಲ್ ಪೈಪಿಗೆ ಹಳದಿ, ಸೈಲೆನ್ಸರಿಗೆ ಕೆಂಪು ಬಣ್ಣ ಬಳಿದರು. ನೋಡಲು ಬಂದ ಮಶಾಕಸಾಬ ಬಾನೆಟ್ಟಿನೊಳಗೆ ಇಣುಕಿ, "ಮಾಸ್ತರ, ಎಂಜಿನ್ನೋ, ಮದಿವಿ ಮಂಟಪೋ?" ಎಂದು ಕೇಳಿದ.

ಚಾಲೂ ಮಾಡಲು ಒಂದು ಭಾನುವಾರ ಗೊತ್ತಾಯಿತು. ಮುದ್ದೇಬಿಹಾಳದಿಂದ ಮುಕ್ತಾರ, ಅವನ ಜೊತೆ ಐದು ಜನ ಹಳೆಯ ಶಿಷ್ಯರು, ಮಶಾಕಸಾಬ, ಅರ್ಧ ಓಣಿ ಎಲ್ಲ ಸೇರಿದರು. ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೀಲಿ ತಿರುಗಿಸಿದರು. ಎಂಜಿನ್ ಎರಡು ಸಲ ಕೆಮ್ಮಿ, ಕರಿಹೊಗೆ ಉಗುಳಿ, ಗುಡುಗುಡು ಎಂದು ಎದ್ದಿತು. ಎಲ್ಲರೂ ಚಪ್ಪಾಳೆ ಹೊಡೆದರು. ಚಪ್ಪಾಳೆ ಮುಗಿಯುವಷ್ಟರಲ್ಲಿ ಎಂಜಿನ್ ನಿಂತಿತ್ತು.

ಪೈಪಿನಲ್ಲಿ ಗಾಳಿ ಸಿಕ್ಕಿದೆ ಎಂದು ಮಾಸ್ತರರು ಕೈಪಂಪು ಒತ್ತಿ, ಗಾಳಿ ಬಿಟ್ಟು, ಮತ್ತೆ ಚಾಲೂ ಮಾಡಿದರು. ಎದ್ದಿತು, ಹತ್ತು ಎಣಿಸುವಷ್ಟರಲ್ಲಿ ನಿಂತಿತು. ಏಳು ಸಲ ಹೀಗೇ ಆಯಿತು. ಆರು ಶಿಷ್ಯರು ಒಂಬತ್ತು ಸಲಹೆ ಕೊಟ್ಟರು. ಮುಕ್ತಾರ ತೋಳು ಏರಿಸಿ ಮುಂದೆ ಬಂದಾಗ ಮಾಸ್ತರರು ಬಾನೆಟ್ಟಿಗೆ ಅಡ್ಡ ನಿಂತರು. "ಯಾರೂ ಕೈ ಹಚ್ಚಬ್ಯಾಡ್ರಿ. ಇದು ನನ್ನ ಪೇಪರು, ನಾನ ಬರೀತೇನಿ."

ಎಂಟು ದಿನ ಅವರು ಪುಸ್ತಕ ತಿರುವಿದರು. ಪಂಪು ಬಿಚ್ಚಿ ನೋಡಿದರು, ಫಿಲ್ಟರ್ ಹೊಸದು ಹಾಕಿದರು. ಊಟಕ್ಕೆ ಕೂತರೂ ತಾಟಿನ ಅಂಚಿನಲ್ಲಿ ಬೆರಳಿಂದ ಪೈಪಿನ ನಕಾಶೆ ಬರೆಯುತ್ತಿದ್ದರು. ಅವರ ಮುಖ ಚಿಕ್ಕದಾಗಿದ್ದನ್ನು ಸಾವಂತ್ರವ್ವ ನೋಡುತ್ತಿದ್ದಳು.

ಒಂಬತ್ತನೇ ದಿನ ಬೆಳಿಗ್ಗೆ ಅವಳು ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು, ಜೋಳದ ಹಿಟ್ಟಿದ್ದ ಪರಾತ ಹಿಡಿದು ಅಂಗಳಕ್ಕೆ ಬಂದಳು. "ಸ್ವಲ್ಪ ಸರೀರಿ," ಎಂದು ಗಂಡನನ್ನು ಪಕ್ಕಕ್ಕೆ ನೂಕಿ, ಹಳೆಯ ಸೀರೆಯ ತುಂಡಿನಿಂದ ಡೀಸೆಲ್ ಪೈಪಿನ ಒಂದೊಂದು ಜೋಡಣೆಯನ್ನೂ ಜಿಡ್ಡಿಲ್ಲದಂತೆ ಒರೆಸಿದಳು. ಆಮೇಲೆ ಹಿಟ್ಟನ್ನು ಚಿಟಿಕೆ ಚಿಟಿಕೆಯಾಗಿ ಎಲ್ಲ ಜೋಡಣೆಗಳಿಗೂ ಸವರಿದಳು.

"ಏನ್ ನಡಸೀದಿ, ಸಾವಂತ್ರಿ? ಅದಕ್ಕ ನೈವೇದ್ಯ ಮಾಡಾಕತ್ತೀಯೇನು?"

"ಕೈಪಂಪು ಒತ್ತರಿ. ಒತ್ತತಾ ಇರ್ರಿ."

ಮಾಸ್ತರರು ಒತ್ತಿದರು. ಇಪ್ಪತ್ತು ಸಲ ಒತ್ತುವಷ್ಟರಲ್ಲಿ ಫಿಲ್ಟರಿನ ಕೆಳಗಿನ ಜೋಡಣೆಯಲ್ಲಿ, ಬಿಳಿ ಹಿಟ್ಟಿನ ನಡುವೆ, ಎಳ್ಳಿನಷ್ಟು ಒದ್ದೆ ಚುಕ್ಕೆ ಮೂಡಿ ನಿಧಾನಕ್ಕೆ ಹರಡಿತು.

"ಅಲ್ನೋಡ್ರಿ, ಅಳಾಕತ್ತೈತಿ," ಎಂದಳು ಸಾವಂತ್ರವ್ವ. "ಅಲ್ಲಿಂದ ಡೀಸೆಲ್ ಹೊರಗ ಬರ್ತೈತಂದ್ರ, ಅಲ್ಲಿಂದನ ಗಾಳಿ ಒಳಗ ಹೊಕ್ಕೈತಿ."

ಮಾಸ್ತರರ ಕೈ ಪಂಪಿನ ಮೇಲೇ ನಿಂತಿತು. "ಇದನ್ನ ಎಲ್ಲಿ ಕಲತಿ?"

"ನಮ್ಮಪ್ಪನ ಗಿರಣ್ಯಾಗ."

ಹೂವಿನ ಹಿಪ್ಪರಗಿಯಲ್ಲಿ ಮಾವನ ಹಿಟ್ಟಿನ ಗಿರಣಿ ಇದ್ದದ್ದು ಮಾಸ್ತರರಿಗೆ ಗೊತ್ತಿತ್ತು. ಆ ಗಿರಣಿಯ ಹಿಟ್ಟಿನ ರೊಟ್ಟಿ ಉಂಡಿದ್ದರು. ಗೊತ್ತಿಲ್ಲದ್ದು ಇಷ್ಟೇ: ಮಾವನ ಭುಜ ನೋವಾಗಿ ಹಿಡಿಕೆ ತಿರುಗಿಸಲು ಆಗದೆ, ಮದುವೆಗೆ ಮುಂಚೆ ನಾಲ್ಕು ವರ್ಷ ಆ ಡೀಸೆಲ್ ಎಂಜಿನ್ನನ್ನು ದಿನಾ ಎಬ್ಬಿಸಿ, ಬಿಚ್ಚಿ, ಒರೆಸಿ, ಓಡಿಸಿದ್ದು ಸಾವಂತ್ರವ್ವ.

"ಮದಿವ್ಯಾಗಿ ಮೂವತ್ತೈದು ವರ್ಷಾತು! ಒಂದಿನಾ ಹೇಳಲಿಲ್ಲಲ್ಲ ನೀ?"

"ನೀವು ಕೇಳಲಿಲ್ಲ." ಸಾವಂತ್ರವ್ವ ಕೈಯ ಹಿಟ್ಟು ಝಾಡಿಸಿದಳು. "ಮದಿವ್ಯಾದ ಮೂರನೇ ದಿನ ನನ್ನ ಕುಂಡ್ರಿಸಿ ಎಂಜಿನ್ ಹ್ಯಾಂಗ ಓಡ್ತೈತಿ ಅಂತ ಪಾಠ ಹೇಳಿದ್ರಿ. ಅಷ್ಟು ಖುಷೀಲೆ ಹೇಳಾಕತ್ತಿದ್ರಿ, ಕಣ್ಣು ಮಿಂಚತಿದ್ವು. ನಡಕ ನಾ ಯಾಕ ಬಾಯಿ ಹಾಕ್ಲಿ ಅಂತ ಸುಮ್ಮನ ಕುಂತೆ."

ಮಾಸ್ತರರಿಗೆ ನಾಚಿಕೆಯೂ ನಗುವೂ ಒಟ್ಟಿಗೇ ಬಂದವು. ಯಾವುದನ್ನು ಮೊದಲು ಹೊರಗೆ ಬಿಡಬೇಕೆಂದು ತಿಳಿಯದೆ ಕೆಮ್ಮಿದರು.

ಅಷ್ಟರಲ್ಲಿ ಸಾವಂತ್ರವ್ವ ಆ ಜೋಡಣೆಯನ್ನು ಬಿಚ್ಚಿ, ಒಳಗಿದ್ದ ತಾಮ್ರದ ವಾಷರನ್ನು ಉಗುರಿಂದ ಮೀಟಿ ತೆಗೆದಿದ್ದಳು. "ಹಳೇದ ಹಾಕೀರಿ."

"ತಾಮ್ರದ್ದು, ಎಲ್ಲೂ ಸೀಳಿಲ್ಲ. ಚೊಲೋ ಐತಲ್ಲ?"

"ಐತ್ರಿ, ಆದ್ರ ಒತ್ತಿ ಒತ್ತಿ ಗಟ್ಟಿ ಆಗೇತಿ. ಗಟ್ಟಿ ಆದದ್ದು ಹೊಂದಕೊಳ್ಳೂದಿಲ್ಲ. ಕಾಸಿದ್ರ ಮೆತ್ತಗಾಗ್ತೈತಿ."

ಅಡುಗೆಮನೆಯಲ್ಲಿ ಒಲೆಯ ಮೇಲಿನ ಹಂಚು ಇಳಿಸಿ, ವಾಷರನ್ನು ಇಕ್ಕಳದಲ್ಲಿ ಹಿಡಿದು ಉರಿಯಲ್ಲಿ ಕಾಯಿಸಿದಳು. ಅದು ಕೆಂಪಾಗುತ್ತಲೇ ನೀರಿನ ಬಟ್ಟಲಿಗೆ ಬಿಟ್ಟಳು. ಚುಂಯ್ ಎಂದಿತು. ಹಿಂದೆಯೇ ಬಂದು ನಿಂತಿದ್ದ ಮಾಸ್ತರರು ಹಣೆ ಬಡಿದುಕೊಂಡರು.

"ಅನೀಲಿಂಗ್! ಸಾವಂತ್ರಿ, ಇದು ಅನೀಲಿಂಗ್! ಪ್ರತಿ ವರ್ಷ ಐದು ಮಾರ್ಕಿಗೆ ಕೇಳತಿದ್ದೆ. ವ್ಯಾಖ್ಯೆ ಬರದು ಎರಡು ಉದಾಹರಣೆ ಕೊಡ್ರಿ ಅಂತ. ಐದಕ್ಕ ಐದೂ ನಿನಗ!"

"ಮಾರ್ಕು ನೀವ ಇಟ್ಕೋರಿ, ಹದಿನಾಲ್ಕರ ಪಾನಾ ಕೊಡ್ರಿ."

ಪಾನಾ ಹಾಕಿ ಜೋಡಣೆ ಬಿಗಿದಳು, ವಾಷರು ಕೂತಿತು. ಮತ್ತೆ ಹಿಟ್ಟು ಸವರಿ ನೋಡಿದರು, ಬಿಳಿಯಾಗಿಯೇ ಉಳಿಯಿತು. ಮಾಸ್ತರರು ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟರು. ಅವಳು ಸೆರಗು ಸೊಂಟಕ್ಕೆ ಸಿಗಿಸಿ, ಸೀಟಿನ ತುದಿಗೆ ಕೂತು ತಿರುಗಿಸಿದಳು. ಎಂಜಿನ್ ಎದ್ದಿತು. ಹತ್ತು ಎಣಿಸಿದರು, ನೂರು ಎಣಿಸಿದರು. ಮಾಸ್ತರರು ಎಣಿಸುವುದನ್ನು ಬಿಟ್ಟು, ನಡುಗುವ ಬಾನೆಟ್ಟಿನ ಮೇಲೆ ಎರಡೂ ಅಂಗೈ ಇಟ್ಟು, ಎಮ್ಮೆಯ ಮೈ ಸವರುವಂತೆ ಸವರುತ್ತ ನಿಂತರು. ಒಳಗೆ ಹಂಚಿಲ್ಲದ ಒಲೆ ಸುಮ್ಮನೆ ಉರಿಯುತ್ತಿದ್ದದ್ದು ಅರ್ಧ ತಾಸಿನ ಮೇಲೆ ನೆನಪಾಯಿತು.

ಅಂದೇ ಮುಕ್ತಾರನಿಗೆ ಫೋನು ಹೋಯಿತು. "ಚಾಲೂ ಆತಪಾ. ಆದ್ರ ನಾ ಮಾಡ್ಲಿಲ್ಲ, ನಮ್ಮನಿ ಬಾಯಾರು ಮಾಡಿದ್ರು," ಎಂದು ಮಾಸ್ತರರು ಒಂದೂ ಬಿಡದೆ ಹೇಳಿದರು, ಹಿಟ್ಟಿನ ಸಮೇತ. ಆ ಕಡೆಯಿಂದ ಮುಕ್ತಾರ, "ಸರ್, ಸಿಟ್ಟಾಗಬ್ಯಾಡ್ರಿ. ನಮಗ ವಾರಕ್ಕೊಂದ್ಸಲ ಬಾಯಾರ ಪಾಠಾನೂ ಇಡಬೇಕಿತ್ರಿ," ಎಂದ. ಮಾಸ್ತರರು ಸಿಟ್ಟಾಗಲಿಲ್ಲ. ಮರುವಾರ ಅವನ ಗ್ಯಾರೇಜಿನಿಂದಲೇ, ಗಾಳಿ ಎಳೆಯುತ್ತಿದ್ದ ಒಂದು ಗಾಡಿಗಾಗಿ, ಎಷ್ಟು ನುಣ್ಣನೆಯ ಹಿಟ್ಟು ಬೇಕೆಂದು ಸಾವಂತ್ರವ್ವನಿಗೆ ಫೋನು ಬಂತು.

ಫಿಟ್‌ನೆಸ್ ಪರೀಕ್ಷೆಗೆ ವಿಜಯಪುರಕ್ಕೆ ಹೋದಾಗ ಅಲ್ಲಿನ ಅಧಿಕಾರಿ ಬಾನೆಟ್ ಎತ್ತಿ ನೀಲಿ, ಹಳದಿ, ಕೆಂಪು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ಬ್ರೇಕು, ದೀಪ, ಹೊಗೆ ಎಲ್ಲ ಪರೀಕ್ಷಿಸಿ, "ಎಂಜಿನ್ ಚೊಲೋ ಐತಿ. ಮೆಕ್ಯಾನಿಕ್ ಯಾರ್ರಿ?" ಎಂದು ಕೇಳಿದರು.

"ಮನಿಯವ್ರು," ಎಂದರು ಮಾಸ್ತರರು.

"ಮನಿಯವ್ರು ಅಂತ ಅಡ್ಡಹೆಸರೇನ್ರಿ? ಯಾವ ಊರವ್ರು?"

"ಹೂವಿನ ಹಿಪ್ಪರಗಿಯವ್ರು," ಎಂದು ಮಾಸ್ತರರು ಗಂಭೀರವಾಗಿ ಹೇಳಿ, ಕಾಗದ ಇಸಿದುಕೊಂಡು ಬಂದರು.

ಕಾಗದ ಕೈಗೆ ಬಂದ ಮೇಲಿನ ಮೊದಲ ಪ್ರಯಾಣ ಆ ಹೂವಿನ ಹಿಪ್ಪರಗಿಗೇ, ಸಾವಂತ್ರವ್ವನ ತಮ್ಮ ಸೋಮನಿಂಗನ ಮನೆಗೆ. ಸೀಟಿಗೆ ಹೊಸ ಕವರು ಹಾಕಿಸಿದ್ದರು. ದೇವರ ಹಿಪ್ಪರಗಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ರಸ್ತೆ ತುಂಬ ಕುರಿ. ಮಾಸ್ತರರು ಗಾಡಿ ನಿಲ್ಲಿಸಿದರೂ ಎಂಜಿನ್ ಬಂದ್ ಮಾಡಲು ಧೈರ್ಯ ಬರಲಿಲ್ಲ. ಕುರಿಗಳು ಮುಗಿಯಲೊಲ್ಲವು. ಕಡೆಗೆ ಸಾವಂತ್ರವ್ವನೇ ಕೈ ಚಾಚಿ ಕೀಲಿ ತಿರುಗಿಸಿ ಬಂದ್ ಮಾಡಿದಳು. ಮಾಸ್ತರರು ಉಸಿರು ಹಿಡಿದು ಕೂತರು.

ಕುರಿ ಕಾಯುವ ಮುದುಕ ಕಿಟಕಿಯ ಹತ್ತಿರ ಬಂದ. ಅವನ ಕಂಕುಳಲ್ಲಿ ಆಗಷ್ಟೇ ಹುಟ್ಟಿದ ಮರಿ ಇತ್ತು. "ಯಪ್ಪಾ, ಹಿಂದ ಖಾಲಿ ಐತಲ್ರಿ. ಈದ ಕುರಿಗೆ ನಡ್ಯಾಕಾಗವಲ್ದು. ಹೂವಿನ ಹಿಪ್ಪರಗಿ ಹೊಲದಾಗ ನಮ್ಮ ಹಟ್ಟಿ ಐತಿ, ಅಲ್ಲೀಮಟ ಒಯ್ಯಿರಿ."

ಉಳಿದ ಕುರಿಗಳನ್ನು ಜೊತೆಗಿದ್ದ ಹುಡುಗನಿಗೆ ಒಪ್ಪಿಸಿ, ತಾಯಿಕುರಿಯನ್ನು ಹಿಡಿದುಕೊಂಡು ಮುದುಕ ಹಿಂದೆ ಹತ್ತಿದ. ಮರಿಗೆ ಗಾಳಿ ತಾಗಬಾರದೆಂದು ಸಾವಂತ್ರವ್ವ ಅದನ್ನು ಒಳಗೆ ತೆಗೆದುಕೊಂಡು ಸೀಟಿನ ನಡುವೆ ಮಲಗಿಸಿಕೊಂಡಳು. ಮಾಸ್ತರರು ಕೀಲಿ ತಿರುಗಿಸಿದರು. ಎಂಜಿನ್ ಒಂದೇ ಏಟಿಗೆ ಎದ್ದಿತು. ಅವರು ಉಸಿರು ಬಿಡುವುದಕ್ಕೂ ಮರಿ ಹೊಸ ಕವರಿನ ಮೇಲೆ ಉಚ್ಚೆ ಹೊಯ್ಯುವುದಕ್ಕೂ ಸರಿಹೋಯಿತು.

ಮಾಸ್ತರರು ಬಾಯಿ ತೆರೆದರು.

"ಮುಂದ ನೋಡಿ ಹೊಡೀರಿ," ಎಂದಳು ಸಾವಂತ್ರವ್ವ. "ಮೊದಲನೇ ಬಾಡಿಗಿ ಬಂತು."